ಹೊಸ ಕಂಪ್ಯೂಟರಿಗೆ ಯಾಕೆ ಈ ಹಳೇ ಮುಖ?

"ಇದು ಯಾವ ಕಾಲದ ಕಂಪ್ಯೂಟರ್ ಅಣ್ಣ? ಇನ್ನೂ ನಡೀತಾ ಇದ್ಯಾ?"

ಹಾಸನದ ಬಿ.ಎಂ. ರಸ್ತೆಯಿಂದ ಸ್ವಲ್ಪ ಒಳಗಿರುವ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬಂದವರಲ್ಲಿ ಅರ್ಧಕ್ಕರ್ಧ ಜನ ಇದನ್ನೇ ಕೇಳುತ್ತಾರೆ. ಕೌಂಟರ್ ಮೇಲಿನ ಸ್ಕ್ರೀನ್ ನೋಡಿದರೆ ಹಾಗೆ ಅನ್ನಿಸುವುದು ಸಹಜ. ಕೆಳಗೆ ಬೂದು ಬಣ್ಣದ ಟಾಸ್ಕ್‌ಬಾರ್. ವಿಂಡೋ ತಲೆಯ ಮೇಲೆ ಕಡುನೀಲಿ ಪಟ್ಟಿ. ಹಿಂದೆಲ್ಲ ಹಸಿರೂ ಅಲ್ಲದ, ನೀಲಿಯೂ ಅಲ್ಲದ ಆ ಬಣ್ಣ. 1995ರ ಆಗಸ್ಟ್ 24ರಂದು ಬಂದ ವಿಂಡೋಸ್ 95 ಹೇಗಿತ್ತೋ ಹಾಗೇ.

ಒಳಗಿರುವುದು ಮಾತ್ರ ವಿಂಡೋಸಿನ ಬದಲು ಹಾಕಿಕೊಳ್ಳಬಹುದಾದ ಇವತ್ತಿನ ಲಿನಕ್ಸ್. ಅಪ್‌ಡೇಟ್‌ಗಳು ತಪ್ಪದೆ ಬರುತ್ತವೆ. ಅದರ ಮೇಲೆ ಎಕ್ಸ್‌ಎಫ್‌ಸಿಇ ಎಂಬ ಡೆಸ್ಕ್‌ಟಾಪ್, ಅಂದರೆ ಸ್ಕ್ರೀನಿನಲ್ಲಿ ವಿಂಡೋ, ಮೆನು ತೋರಿಸುವ ಭಾಗ ಇದೆ. ಅದಕ್ಕೆ ಚಿಕಾಗೋ95 ಎಂಬ ಥೀಮ್ ಹಾಕಿದ್ದೇನೆ. ವಿಂಡೋಸ್ 95 ತಯಾರಾಗುತ್ತಿದ್ದಾಗ ಅದಕ್ಕೆ ಇಟ್ಟಿದ್ದ ಗುಟ್ಟಿನ ಹೆಸರು ಚಿಕಾಗೋ. ಥೀಮಿಗೆ ಆ ಹೆಸರು ಬಂದದ್ದು ಅಲ್ಲಿಂದ.

ಇಷ್ಟು ಹೇಳಿದ ಮೇಲೆ ಎರಡನೇ ಪ್ರಶ್ನೆ ಬರುತ್ತದೆ. "ಸರಿ, ಆದ್ರೆ ಯಾಕೆ? ಸುಮ್ನೆ ಹಳೇ ನೆನಪಿಗಾ?"

ನೆನಪು ಇದ್ದೇ ಇದೆ. 1998ರಲ್ಲಿ ಪಿಯುಸಿ ಮುಗಿಸಿ ಇದೇ ಊರಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರಿದೆ. ಚಪ್ಪಲಿ ಹೊರಗೆ ಬಿಟ್ಟು, ಒಂದು ಕಂಪ್ಯೂಟರಿಗೆ ಮೂವರಂತೆ ಕೂರುತ್ತಿದ್ದೆವು. ಮೌಸ್ ಕೈಗೆ ಬರುವ ಸರದಿಗೆ ಕಾಯುತ್ತಿದ್ದೆವು. ಆ ಬೂದು ಬಣ್ಣ ನೋಡಿದರೆ ಇವತ್ತಿಗೂ ಮನಸ್ಸು ಹಗುರ ಆಗುತ್ತದೆ. ಆದರೆ ಬರೀ ನೆನಪಿಗಾದರೆ ಒಂದು ವಾಲ್‌ಪೇಪರ್ ಸಾಕಿತ್ತು. ನಾನು ಆ ರೂಪವನ್ನು ವಾಪಸ್ ತಂದಿರುವುದು ಅದು ನೋಡುವವರಿಗೆ ಅರ್ಥ ಆಗುತ್ತದೆ ಅನ್ನುವ ಕಾರಣಕ್ಕೆ. ಯಾವುದನ್ನು ಒತ್ತಬಹುದು, ಯಾವುದನ್ನು ಎಳೆಯಬಹುದು, ಇನ್ನೂ ಎಷ್ಟು ಬಾಕಿ ಇದೆ, ಎಲ್ಲವನ್ನೂ ಅದು ಕಣ್ಣಿಗೆ ಕಾಣುವ ಹಾಗೆ ಹೇಳುತ್ತದೆ.

ಒಂದು ಬಟನ್ ತೆಗೆದುಕೊಳ್ಳಿ. ಹಳೇ ಬಟನ್ನಿನ ಮೇಲಿನ ಅಂಚು ಮತ್ತು ಎಡದ ಅಂಚಿನಲ್ಲಿ ಒಂದೊಂದು ಬಿಳಿ ಗೆರೆ. ಕೆಳಗೆ ಮತ್ತು ಬಲಕ್ಕೆ ಕಪ್ಪು ಗೆರೆ, ಅದರ ಒಳಗೊಂದು ಕಡುಬೂದು ಗೆರೆ. ಅಷ್ಟೇ. ಬೆಳಕು ಎಡಗಡೆ ಮೇಲಿನಿಂದ ಬೀಳುತ್ತಿದೆ ಎಂದು ಕಣ್ಣು ತಾನಾಗಿಯೇ ಅಂದುಕೊಳ್ಳುತ್ತದೆ. ಬಟನ್ ಉಬ್ಬಿ ನಿಂತ ಹಾಗೆ ಕಾಣುತ್ತದೆ. ಒತ್ತಿದಾಗ ಗೆರೆಗಳು ಅದಲು ಬದಲಾಗುತ್ತವೆ, ಕಪ್ಪು ಮೇಲೆ, ಬಿಳಿ ಕೆಳಗೆ. ಬಟನ್ ಒಳಗೆ ಹೋಯಿತು! ಬೆರಳಿಗೆ ಏನೂ ತಾಗದಿದ್ದರೂ ಒತ್ತಿದ್ದು ಗೊತ್ತಾಗುತ್ತದೆ.

ಹಳೇಬೀಡಿಗೆ ಹೋದವರಿಗೆ ಇದು ಬೇಗ ಹೊಳೆಯುತ್ತದೆ. ನೆತ್ತಿಯ ಮೇಲೆ ಬಿಸಿಲಿರುವಾಗ ಹೊಯ್ಸಳೇಶ್ವರ ದೇವಸ್ಥಾನದ ಗೋಡೆ ಸ್ವಲ್ಪ ಚಪ್ಪಟೆ ಕಾಣುತ್ತದೆ. ಸಂಜೆ ಓರೆ ಬಿಸಿಲು ಬಿದ್ದಾಗ ನೋಡಬೇಕು. ಬಳಪದ ಕಲ್ಲಿನಲ್ಲಿ ಕೆತ್ತಿದ ಆನೆಗಳ ಸಾಲು ಗೋಡೆ ಬಿಟ್ಟು ಎದ್ದು ಬರುತ್ತದೆ. ಪ್ರತಿ ಬಳ್ಳಿಗೂ ತನ್ನದೇ ನೆರಳು. ಕಲ್ಲು ಅದೇ, ಕೆತ್ತನೆ ಅದೇ. ನೆರಳು ಬಿದ್ದಾಗಲೇ ಯಾವುದು ಉಬ್ಬು, ಯಾವುದು ತಗ್ಗು ಎಂದು ಕಣ್ಣಿಗೆ ಸಿಗುವುದು. ಈಗಿನ ಡೆಸ್ಕ್‌ಟಾಪ್‌ಗಳಲ್ಲಿ ಆ ನೆರಳನ್ನೇ ಅಳಿಸಿಬಿಟ್ಟಿದ್ದಾರೆ. ಬಿಳಿ ಜಾಗದ ಮೇಲೆ ಒಂದು ಪದ ಇರುತ್ತದೆ. ಅದು ಬರೀ ಬರಹವೋ ಬಟನ್ನೋ ಎಂದು ಮೌಸ್ ತಂದು ತಡವಿ ನೋಡಬೇಕು. ಫೋನು ಹಿಡಿದೇ ಬೆಳೆದ ಮಕ್ಕಳಿಗೆ ಇದು ತೊಂದರೆ ಅಲ್ಲ. ಐವತ್ತು ದಾಟಿದ ಮೇಲೆ ಮೌಸ್ ಹಿಡಿದವರಿಗೆ ಬಹಳ ತೊಂದರೆ.

ಇದು ನನಗೆ ಸರಿಯಾಗಿ ತಿಳಿದದ್ದು ನನ್ನ ಸೋದರಮಾವನಿಂದ. ಅವರು ಸಕಲೇಶಪುರದ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರು. ಆಳುಗಳ ಹಾಜರಿ, ಬಟವಾಡೆ ಎಲ್ಲ ಇರುವ ಚೆಕ್‌ರೋಲ್ ಅವರ ಜವಾಬ್ದಾರಿ. ಮೂವತ್ತು ವರ್ಷ ದಪ್ಪ ಪುಸ್ತಕದಲ್ಲಿ ಬರೆದವರು, ಆಮೇಲೆ ಕಂಪ್ಯೂಟರಿಗೆ ಬಂದರು. ಅವರ ಲ್ಯಾಪ್‌ಟಾಪಿಗೆ ಆಗಿನ ಹೊಸ ಮಾದರಿಯ ಡೆಸ್ಕ್‌ಟಾಪ್ ಒಂದನ್ನು ನಾನೇ ಹಾಕಿಕೊಟ್ಟಿದ್ದೆ. ನೋಡಲು ಬಹಳ ಚೆಂದ ಇತ್ತು.

ಮಳೆಗಾಲದ ಒಂದು ಶುಕ್ರವಾರ ರಾತ್ರಿ ಫೋನ್ ಬಂತು. ಮಾವನ ದನಿ ನಡುಗುತ್ತಿತ್ತು. "ಚೆಕ್‌ರೋಲ್ ಅರ್ಧ ಹೋಯ್ತು ಕಣೋ. ಜುಲೈ ಇದೆ, ಜೂನ್ ಇಲ್ಲ. ಮಾರ್ಚ್ ಇಲ್ಲ, ಮೇ ಇಲ್ಲ. ಬೆಳಗಾದ್ರೆ ಬಟವಾಡೆ ಮಾರಾಯ."

ತಿಂಗಳಿಗೊಂದು ಫೈಲ್, ಹೆಸರು ಇಂಗ್ಲಿಷಿನಲ್ಲಿ. ಕಂಪ್ಯೂಟರ್ ಅವನ್ನು ಎಬಿಸಿಡಿ ಕ್ರಮದಲ್ಲಿ ಜೋಡಿಸಿತ್ತು. ಏಪ್ರಿಲ್, ಆಗಸ್ಟ್, ಡಿಸೆಂಬರ್, ಫೆಬ್ರವರಿ, ಜನವರಿ, ಜುಲೈ. ಆರು ಫೈಲ್ ಕಂಡವು, ವಿಂಡೋ ಸರಿಯಾಗಿ ಅಲ್ಲಿಗೆ ಮುಗಿದಿತ್ತು. ಏಳನೆಯದರ ತುದಿಯೂ ಇಣುಕಲಿಲ್ಲ. ಉಳಿದ ಆರು ಕೆಳಗಿವೆ ಎಂದು ನನಗೆ ಹೊಳೆಯಿತು.

"ಮಾವ, ಬಲಗಡೆ ಇರೋದನ್ನ ಕೆಳಗೆ ಎಳೀರಿ" ಅಂದೆ.

"ಏನನ್ನ ಎಳೆಯೋದು? ಬಲಗಡೆ ಏನೂ ಇಲ್ವಲ್ಲೋ."

ನಿಜಕ್ಕೂ ಏನೂ ಇರಲಿಲ್ಲ. ಆ ಡೆಸ್ಕ್‌ಟಾಪಿನಲ್ಲಿ ಸ್ಕ್ರೋಲ್ ಬಾರ್ ಅಡಗಿಕೊಂಡಿರುತ್ತಿತ್ತು. ಮೌಸ್ ಅಲ್ಲಾಡಿದಾಗ ಕೂದಲೆಳೆಯಷ್ಟು ಕಂಡು ಮತ್ತೆ ಮಾಯ. ಫೋನಿನಲ್ಲಿ ಅರ್ಧ ಗಂಟೆ ಹೇಳಿದರೂ ಅವರಿಗೆ ಅದು ಸಿಗಲಿಲ್ಲ. ಅವರು ರಾತ್ರಿಯೆಲ್ಲ ಕೂತು ಹಳೇ ಚೀಟಿಗಳನ್ನು ಹುಡುಕಿದ್ದಾರೆ. ಬೆಳಗಿನ ಮೊದಲ ಬಸ್ಸಿಗೆ ಹೊರಟು ಹೋಗಿ ನಾನು ಕೆಳಗೆ ಎಳೆದು ತೋರಿಸಿದಾಗ ಅವರು ಏನೂ ಮಾತಾಡಲಿಲ್ಲ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

ಅದೇ ವಾರ ಅವರ ಲ್ಯಾಪ್‌ಟಾಪಿಗೆ ಹಳೇ ಮುಖ ಬಂತು. ಹದಿನಾರು ಪಿಕ್ಸೆಲ್ (ಸ್ಕ್ರೀನಿನ ಚುಕ್ಕಿ) ಅಗಲದ ಸ್ಕ್ರೋಲ್ ಬಾರ್, ಮೇಲೊಂದು ಕೆಳಗೊಂದು ಬಾಣದ ಬಟನ್. ನಡುವೆ ಎಳೆಯುವ ತುಂಡು. ಆ ತುಂಡಿನ ಬಗ್ಗೆ ಒಂದು ಮಾತು ಹೇಳಲೇಬೇಕು. ವಿಂಡೋಸ್ 3.1ರಲ್ಲಿ ಅದರ ಅಳತೆ ಯಾವಾಗಲೂ ಒಂದೇ. 95ರಲ್ಲಿ ಅದು ಒಳಗಿರುವುದಕ್ಕೆ ತಕ್ಕಂತೆ ಉದ್ದ ಗಿಡ್ಡ ಆಗತೊಡಗಿತು. ತುಂಡು ಅರ್ಧ ಉದ್ದ ಇದ್ದರೆ ಈಗ ಕಾಣುತ್ತಿರುವುದು ಅರ್ಧ, ಇನ್ನರ್ಧ ಕೆಳಗಿದೆ. ಒಂದು ನೋಟಕ್ಕೆ ಲೆಕ್ಕ ಸಿಕ್ಕಿತು. ಇಂಥದ್ದನ್ನು ಯೋಚಿಸಿ ಮಾಡಿದವರ ಮೇಲೆ ನನಗೆ ತುಂಬಾ ಗೌರವ. ಈಗ ಅದನ್ನು ಅಡಗಿಸಿಟ್ಟು ಉಳಿಸುವುದಾದರೂ ಎಷ್ಟು ಜಾಗ? (ನಿಮ್ಮ ಲಿನಕ್ಸಿನಲ್ಲೂ ಹೀಗಿದ್ದರೆ, ಜಿಟಿಕೆ ಓವರ್‌ಲೇ ಸ್ಕ್ರೋಲಿಂಗ್ ಎಂಬ ಸೆಟ್ಟಿಂಗ್ ಸೊನ್ನೆ ಮಾಡಿ. ಜಿಟಿಕೆ ಅಂದರೆ ಪ್ರೋಗ್ರಾಂಗಳಿಗೆ ಬಟನ್, ಬಾರ್ ಬರೆದುಕೊಡುವ ಸಾಮಗ್ರಿ. ಜಿಟಿಕೆ ಬಳಸುವ ಹೆಚ್ಚಿನ ಪ್ರೋಗ್ರಾಂಗಳಲ್ಲಿ ಬಾರ್ ವಾಪಸ್ ಬರುತ್ತದೆ.)

ಹಳೇದು ಬೇಕು ಅನ್ನುವವರು ನಾವಿಬ್ಬರೇ ಅಲ್ಲ. 2012ರಲ್ಲಿ ವಿಂಡೋಸ್ 8 ಬಂದಾಗ ಸ್ಟಾರ್ಟ್ ಬಟನ್ ತೆಗೆದಿದ್ದರು. ಜನ ಕೇಳಿದ್ದಕ್ಕೆ 2013ರ 8.1ರಲ್ಲಿ ಬಟನ್ ಬಂತು, 2015ರ ವಿಂಡೋಸ್ 10ರಲ್ಲಿ ಮೆನು ಕೂಡ ಬಂತು. ಲಿನಕ್ಸಿನ ಇನ್ನೊಂದು ಡೆಸ್ಕ್‌ಟಾಪ್ ಗ್ನೋಮ್. 2011ರಲ್ಲಿ ಗ್ನೋಮ್ 3 ಬಂದು ಎಲ್ಲವನ್ನೂ ಬದಲಾಯಿಸಿದಾಗ, ಅರ್ಜೆಂಟೀನಾದ ಒಬ್ಬರು ಹಳೇ ಗ್ನೋಮ್ 2ರ ಕೋಡನ್ನೇ ಎತ್ತಿಕೊಂಡು ಮುಂದುವರಿಸಿದರು. ತಮ್ಮ ನಾಡಿನವರು ಚಹಾದಂತೆ ಕುಡಿಯುವ ಮಾತೆ ಎಂಬ ಎಲೆಯ ಹೆಸರನ್ನೇ ಅದಕ್ಕೆ ಇಟ್ಟರು. ಅದು ಇವತ್ತಿಗೂ ಇದೆ. ಎಕ್ಸ್‌ಎಫ್‌ಸಿಇ ಇನ್ನೂ ಹಳೇದು, 1996ರಲ್ಲಿ ಶುರುವಾದದ್ದು. ಅದರ ಒಳ್ಳೇ ಗುಣ ಅಂದರೆ ಎಲ್ಲ ಭಾಗವೂ ಬೇರೆ ಬೇರೆ. ವಿಂಡೋ ಚೌಕಟ್ಟು ಒಂದು, ಬಟನ್‌ಗಳ ರೂಪ ಇನ್ನೊಂದು, ಐಕಾನ್ ಮತ್ತೊಂದು. ಬೇಕಾದ್ದನ್ನು ಮಾತ್ರ ಬದಲಾಯಿಸಬಹುದು.

ಈಗ ನನಗೆ ತುಂಬಾ ಹತ್ತಿರದ ವಿಷಯ. ಕನ್ನಡ.

ವಿಂಡೋಸ್ 95ರ ಕಾಲದಲ್ಲಿ ನಾವು ಕನ್ನಡ ಟೈಪ್ ಮಾಡುತ್ತಿದ್ದದ್ದು ಪತ್ರದ ಒಳಗೆ ಮಾತ್ರ. ಬರಹ, ನುಡಿ ಎಂಬ ಟೈಪಿಂಗ್ ಪ್ರೋಗ್ರಾಂಗಳು ಬಂದ ಮೇಲೆ ಅದು ಸುಲಭವಾಯಿತು. ಆದರೆ ಫೈಲಿನ ಹೆಸರಿಗೆ ಇಂಗ್ಲಿಷ್ ಅಕ್ಷರವೇ ಗತಿ. ಎಲ್ಲ ಭಾಷೆಗಳ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡ 1991ರಲ್ಲೇ ಇದ್ದರೂ ವಿಂಡೋಸಿನಲ್ಲಿ ಕನ್ನಡ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನ ಜೊತೆ. ಅಂದರೆ ಆ ಕಡುನೀಲಿ ಪಟ್ಟಿಯ ಮೇಲೆ ವಿಂಡೋಸ್ 95ರಲ್ಲಿ ಯೂನಿಕೋಡ್ ಕನ್ನಡ ಮೂಡಲೇ ಇಲ್ಲ. ಈಗ ನನ್ನ ಸ್ಕ್ರೀನಿನಲ್ಲಿ ಮೂಡುತ್ತಿದೆ. ಫೈಲಿನ ಹೆಸರು ಕನ್ನಡ, ಫೋಲ್ಡರಿನ ಹೆಸರು ಕನ್ನಡ. ಕೀಲಿಮಣೆ ಅದೇ, ಕನ್ನಡ ಟೈಪಿಂಗಿಗೆ ಕೆ.ಪಿ. ರಾವ್ ಅವರು ಮಾಡಿದ ವಿನ್ಯಾಸ, ಲಿನಕ್ಸಿನಲ್ಲೂ ಸಿಗುತ್ತದೆ. ಸ್ಟಾರ್ಟ್ ಬಟನ್ ಮೇಲೆ ನಾನು ಬರೆದುಕೊಂಡಿರುವುದು "ಶುರು". 1998ರಲ್ಲಿ ಇಲ್ಲದೇ ಇದ್ದದ್ದು ಇದು. ಇದನ್ನು ನೋಡಿದಾಗ ಆಗುವ ಖುಷಿಯೇ ಬೇರೆ.

ಆದರೆ ಆ ಹಳೇ ಅಳತೆ ಕನ್ನಡಕ್ಕಾಗಿ ಮಾಡಿದ್ದಲ್ಲ. ಟೈಟಲ್ ಬಾರ್, ಅಂದರೆ ಆ ಕಡುನೀಲಿ ಪಟ್ಟಿ, ಹದಿನೆಂಟು ಪಿಕ್ಸೆಲ್ ಎತ್ತರ. ಇಂಗ್ಲಿಷಿಗೆ ಧಾರಾಳ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದಲ್ಲ, ಅದಕ್ಕೆ ಜಾಗ ಇಲ್ಲ. ಮಾವ "ಲೆಕ್ಕ" ಎಂದು ಫೈಲಿಗೆ ಹೆಸರಿಟ್ಟರೆ ಮೇಲೆ "ಲೆಕ" ಎಂದು ಕಾಣುತ್ತಿತ್ತು. ಕಕಾರದ ಒತ್ತು ಕತ್ತರಿಸಿ ಹೋಗುತ್ತಿತ್ತು. ಅಕ್ಷರ ಚಿಕ್ಕದು ಮಾಡಿದರೆ ಮಾವನಿಗೆ ಓದಲು ಆಗದು.

ಎಕ್ಸ್‌ಎಫ್‌ಸಿಇಯಲ್ಲಿ ಈ ಪಟ್ಟಿಯ ಎತ್ತರ ನಿಂತಿರುವುದು ಅದರ ಚಿತ್ರದ ಎತ್ತರದ ಮೇಲೆ. ಆ ಚಿತ್ರಗಳನ್ನು ಎಕ್ಸ್‌ಪಿಎಂ ಎಂಬ ಬಗೆಯಲ್ಲಿ ಇಡಬಹುದು. ಅದು ಬಹಳ ಚೆಂದದ ಸಂಗತಿ. ಚಿತ್ರವನ್ನು ನೋಟ್‌ಪ್ಯಾಡಿನಂಥ ಪ್ರೋಗ್ರಾಂನಲ್ಲಿ ತೆರೆದರೆ ಬರೀ ಅಕ್ಷರಗಳು ಕಾಣುತ್ತವೆ. ಸಾಮಾನ್ಯವಾಗಿ ಒಂದು ಪಿಕ್ಸೆಲ್ಲಿಗೆ ಒಂದು ಅಕ್ಷರ. ಬಿಳಿಗೆ ಒಂದು, ಬೂದಿಗೆ ಒಂದು, ನೀಲಿಗೆ ಒಂದು. ಶುರುವಿನ ಒಂದು ಸಾಲಿನಲ್ಲಿ ಅಗಲ ಎಷ್ಟು, ಎತ್ತರ ಎಷ್ಟು, ಬಣ್ಣ ಎಷ್ಟು ಎಂದು ಬರೆದಿರುತ್ತದೆ. ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ. ನೀಲಿಯ ಒಂದು ಸಾಲನ್ನು ಕಾಪಿ ಮಾಡಿ ನಾಲ್ಕು ಸಲ ಅಂಟಿಸಿದೆ. ಎತ್ತರ ಎನ್ನುವಲ್ಲಿ ನಾಲ್ಕು ಜಾಸ್ತಿ ಮಾಡಿದೆ. ಮೂಲೆಯ ಚಿತ್ರಗಳಿಗೂ ಹಾಗೇ ಮಾಡಬೇಕಾಯಿತು, ಇಲ್ಲದಿದ್ದರೆ ಚೌಕಟ್ಟು ಒಡೆದಂತೆ ಕಾಣುತ್ತಿತ್ತು. ಒಂದು ಭಾನುವಾರ ಪೂರ್ತಿ ಹಿಡಿಯಿತು. ಸಂಜೆ ಹೊತ್ತಿಗೆ "ಲೆಕ್ಕ" ಲೆಕ್ಕವಾಗಿಯೇ ಕಂಡಿತು.

ಎಲ್ಲವೂ ಸರಿ ಹೋಗಿದೆ ಎಂದಲ್ಲ. ಕೆಲವು ಹೊಸ ಪ್ರೋಗ್ರಾಂಗಳು ಥೀಮಿನ ಮಾತು ಕೇಳುವುದೇ ಇಲ್ಲ, ತಮ್ಮ ಪಟ್ಟಿಯನ್ನು ತಾವೇ ಬರೆದುಕೊಳ್ಳುತ್ತವೆ. ತುಂಬಾ ಒತ್ತೊತ್ತಾಗಿ ಪಿಕ್ಸೆಲ್ ಇರುವ ಸ್ಕ್ರೀನಿನಲ್ಲಿ ಆ ಒಂದೆಳೆ ಬಿಳಿ ಗೆರೆ ಕಣ್ಣಿಗೆ ಸಿಗುವುದೇ ಇಲ್ಲ. ಮತ್ತೆ ಒಂದು ಮಾತು. ಹಳೇ ಮುಖ ಬೇಕು ಎಂದು ಯಾರೂ ಹಳೇ ವಿಂಡೋಸನ್ನೇ ಹಾಕಿಕೊಳ್ಳಬೇಡಿ. ಎಕ್ಸ್‌ಪಿಗೆ ಅಪ್‌ಡೇಟ್ ನಿಂತದ್ದು 2014ರ ಏಪ್ರಿಲ್ 8ಕ್ಕೆ. ಇಂಟರ್‌ನೆಟ್‌ಗೆ ಜೋಡಿಸಿದರೆ ಬಾಗಿಲು ತೆರೆದಿಟ್ಟು ಊರಿಗೆ ಹೋದ ಹಾಗೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಕೂಡ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಪ್ರೊಸೆಸರ್ ಕೂಡ ಹೊಸದಿರಬೇಕು. ಹಾಗಾಗಿ ಚೆನ್ನಾಗಿಯೇ ಇರುವ ಎಷ್ಟೋ ಕಂಪ್ಯೂಟರ್‌ಗಳು ನನ್ನ ಅಂಗಡಿಗೆ ಬರುತ್ತಿವೆ. ಲಿನಕ್ಸ್ ಹಾಕಿಕೊಡುವಾಗ ಎರಡು ರೂಪ ತೋರಿಸಿ ಯಾವುದು ಬೇಕು ಎಂದು ಕೇಳುತ್ತೇನೆ. ವಯಸ್ಸಾದವರು ಬೂದು ಬಣ್ಣದ ಕಡೆ ಬೆರಳು ತೋರಿಸುತ್ತಾರೆ. ಮೊನ್ನೆ ಕಾಲೇಜು ಹುಡುಗಿಯೊಬ್ಬಳು ಕೂಡ ಅದನ್ನೇ ತೆಗೆದುಕೊಂಡಳು. ಅವಳು ಹುಟ್ಟುವ ಮೊದಲಿನ ರೂಪ ಅದು. "ಇದ್ರಲ್ಲಿ ಎಲ್ಲಾ ಎದ್ದು ಕಾಣುತ್ತೆ ಅಂಕಲ್" ಅಂದಳು.

ಹೋದ ವಾರ ಒಂದು ಸ್ತ್ರೀ ಶಕ್ತಿ ಸಂಘದವರು ತಮ್ಮ ಲ್ಯಾಪ್‌ಟಾಪ್ ತಂದುಕೊಟ್ಟರು. ಅವರಿಗೂ ಇದೇ ಮುಖ ಹಾಕಿದೆ. ಸಂಘದ ಲೆಕ್ಕದ ಫೈಲ್ ತೆರೆದು ನೋಡಿದರೆ "ಲೆಕ್ಕ" ಸರಿಯಾಗಿದೆ, "ಸ್ತ್ರೀ" ಮಾತ್ರ ಅರ್ಧ. ಒಂದರ ಕೆಳಗೆ ಎರಡು ಒತ್ತು ಇಳಿಯಬೇಕಲ್ಲ, ನಾಲ್ಕು ಸಾಲು ಸಾಲಲಿಲ್ಲ. ಬುಧವಾರ ಬಂದು ತೆಗೆದುಕೊಂಡು ಹೋಗುತ್ತಾರೆ. ಅಷ್ಟರಲ್ಲಿ ಇನ್ನೆರಡು ಸಾಲು ನೀಲಿ ಸೇರಿಸಬೇಕು.