ಆರು ವರ್ಷ ‘ಸ್ಟೇಬಲ್’ ಎಂದು ಬರೆದೆ

ಕಾಸರಗೋಡು ಜಿಲ್ಲೆಯ ಗಡಿಭಾಗದ ಒಂದು ಸಣ್ಣ ಸರ್ಕಾರಿ ಆಸ್ಪತ್ರೆಯಲ್ಲಿ ನಾನು ನರ್ಸ್. ತಿಂಗಳಿಗೊಮ್ಮೆ ನಡೆಯುವ ಮಾನಸಿಕ ಆರೋಗ್ಯ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಕೊಡುವುದು, ತೂಕ ಮತ್ತು ಬಿ.ಪಿ. ನೋಡುವುದು, ರಿಜಿಸ್ಟರು ತುಂಬಿಸುವುದು ನನ್ನ ಪಾಲಿನ ಕೆಲಸ. ಆ ರಿಜಿಸ್ಟರಿನಲ್ಲಿ ಒಬ್ಬರ ಹೆಸರಿನ ಮುಂದೆ ಆರು ವರ್ಷ ನಾನು ‘ಸ್ಟೇಬಲ್’ ಎಂಬ ಒಂದೇ ಪದವನ್ನು ಬರೆದಿದ್ದೇನೆ. ಅದು ಸುಳ್ಳಾಗಿರಲಿಲ್ಲ, ಆದರೆ ಅದರಿಂದ ಅವರ ಬದುಕಿನ ಬಗ್ಗೆ ಏನೂ ತಿಳಿಯುತ್ತಿರಲಿಲ್ಲ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಈ ಅನುಭವವನ್ನು ಬರೆಯುತ್ತಿದ್ದೇನೆ.

ಅವರಿಗೆ ಆಗ ನಲವತ್ತರ ಆಸುಪಾಸು. ಅಡಿಕೆ ತೋಟವಿರುವ ಕೂಡು ಕುಟುಂಬ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕಿವಿಯಲ್ಲಿ ಮಾತುಗಳು ಕೇಳತೊಡಗಿ, ನೆರೆಯವರು ಬಾವಿಗೆ ವಿಷ ಹಾಕಿದ್ದಾರೆಂಬ ನಂಬಿಕೆ ಬಲಿತು, ಜ್ಯೋತಿಷಿಯಲ್ಲಿ ಪ್ರಶ್ನೆ ಇರಿಸಿದ್ದು, ಹೋಮ ಮಾಡಿಸಿದ್ದು, ದೈವಗಳಿಗೆ ತಂಬಿಲ ಕೊಟ್ಟದ್ದು ಎಲ್ಲ ಮುಗಿದ ಮೇಲೆ ಮಂಗಳೂರಿನಲ್ಲಿ ಸ್ಕಿಜೋಫ್ರೇನಿಯಾ ಎಂದು ತಿಳಿಯಿತು. ನಮ್ಮಲ್ಲಿಗೆ ಬರುವ ಹೊತ್ತಿಗೆ ಮಾತು ಕೇಳುವುದು ನಿಂತಿತ್ತು. ಪ್ರತಿ ತಿಂಗಳೂ ಅಣ್ಣನ ಜೊತೆ ಬಸ್ಸಿನಲ್ಲಿ ಬರುತ್ತಿದ್ದರು. ಡಾಕ್ಟರು ಮಲಯಾಳದಲ್ಲಿ ಕೇಳುತ್ತಿದ್ದರು, ಅಣ್ಣ ಮಲಯಾಳದಲ್ಲಿ ಉತ್ತರಿಸುತ್ತಿದ್ದರು: ನಿದ್ರೆ ಇದೆ, ಊಟ ಇದೆ, ಗಲಾಟೆ ಇಲ್ಲ. ಮನೆಯಲ್ಲಿ ತುಳುವನ್ನೂ ಶಾಲೆಯಲ್ಲಿ ಕನ್ನಡವನ್ನೂ ಕಲಿತ ತಮ್ಮ, ಪಕ್ಕದ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿರುತ್ತಿದ್ದರು. ಅವರ ತೋಳಿಗೆ ಸೂಜಿ ಚುಚ್ಚುವಾಗ ‘ಹೇಗಿದ್ದೀರಿ’ ಎಂದು ನಾನು ಕನ್ನಡದಲ್ಲಿಯೇ ಕೇಳುತ್ತಿದ್ದೆ. ‘ಅಡ್ಡಿಲ್ಲ’ ಎಂಬ ಉತ್ತರ ಬರುತ್ತಿತ್ತು. ಹೊರಗೆ ಸಾಲಿನಲ್ಲಿ ಇನ್ನೂ ಹಲವರು ಕಾಯುತ್ತಿರುವಾಗ ಆ ಉತ್ತರ ನನಗೂ ಅನುಕೂಲದ್ದೇ ಆಗಿತ್ತು.

ಒಂದು ತರಬೇತಿಯ ನಂತರ ವಿಶ್ವ ಆರೋಗ್ಯ ಸಂಸ್ಥೆಯ ಜೀವನಗುಣಮಟ್ಟದ ಪ್ರಶ್ನಾವಳಿಯನ್ನು ಕೆಲವರಿಗೆ ಕೊಟ್ಟು ನೋಡುವ ಅವಕಾಶ ನನಗೆ ಸಿಕ್ಕಿತು. ಅದರ ಕಿರು ರೂಪದಲ್ಲಿ 26 ಪ್ರಶ್ನೆಗಳಿವೆ. ದೇಹ, ಮನಸ್ಸು, ಜನರೊಡನಾಟ, ಸುತ್ತಲಿನ ಪರಿಸರ ಎಂಬ ನಾಲ್ಕು ವಲಯಗಳಲ್ಲಿ ಕಳೆದ ಎರಡು ವಾರ ಹೇಗಿತ್ತೆಂದು ಕೇಳಿ, ಐದು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಿಸುತ್ತಾರೆ. ಒಳ್ಳೆಯ ಸಾಧನವೇ. ಆದರೆ ಬದುಕು ಎಷ್ಟು ಅರ್ಥಪೂರ್ಣ ಎಂಬಂಥ ಪ್ರಶ್ನೆಯನ್ನು ಗ್ರಾಂಥಿಕ ಕನ್ನಡದಲ್ಲಿ ಓದಿಕೊಂಡ ಅವರು ಸುಮಾರು ಎಲ್ಲದಕ್ಕೂ ನಡುವಿನ ಉತ್ತರಕ್ಕೇ ಗುರುತು ಹಾಕಿ ಕಾಗದವನ್ನು ಮಡಚಿ ಕೊಟ್ಟರು. ನಾನು ಅದನ್ನು ಹಾಗೆಯೇ ಕೂಡಿಸಿ ಕಳಿಸಬಹುದಿತ್ತು. ಅಂದು ಜೋರು ಮಳೆ, ಜನ ಕಡಿಮೆ, ಅಣ್ಣ ಔಷಧಿಯ ಕೌಂಟರಿನಲ್ಲಿದ್ದರು; ಹಾಗಾಗಿ ಪೆನ್ನು ಕೆಳಗಿಟ್ಟು, ‘ಮೊನ್ನೆ ಆದಿತ್ಯವಾರ ಬೆಳಗ್ಗಿನಿಂದ ರಾತ್ರಿವರೆಗೆ ಏನೇನು ಮಾಡಿದ್ರಿ?’ ಎಂದು ಕೇಳಿದೆ.

ಆದಿತ್ಯವಾರ ಅವರ ಸಂಬಂಧಿಕರ ಮನೆಯಲ್ಲಿ ಮದುವೆಯಿತ್ತಂತೆ, ಇವರು ಹೋಗಿರಲಿಲ್ಲ. ಯಾಕೆಂದು ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: ‘ಕೈ ನಡುಗ್ತದೆ ಸಿಸ್ಟರ್. ಪಂಕ್ತಿಯಲ್ಲಿ ಕೂತ್ರೆ ಬಾಯಿಗೆ ಹೋಗುವ ಮೊದ್ಲು ಸಾರನ್ನ ಎಲ್ಲ ಚೆಲ್ತದೆ. ಆಚೆ ಈಚೆ ಕೂತವರು ನೋಡ್ತಾರೆ.’ ನಾಲ್ಕು ವರ್ಷಗಳಿಂದ ಅವರು ಯಾವ ಸಮಾರಂಭದ ಊಟಕ್ಕೂ ಕುಳಿತಿರಲಿಲ್ಲ. ಮನೆಯವರು ಅದನ್ನು ‘ಜನರೆಂದರೆ ಆಗುವುದಿಲ್ಲ, ಅದು ಕಾಯಿಲೆಯ ಗುಣ’ ಎಂದುಕೊಂಡಿದ್ದರು. ನಾವೂ ಹಾಗೆಯೇ ಎಣಿಸಿದ್ದೆವು. ನಿಜವಾಗಿ ಅದು ನಾನೇ ತಿಂಗಳು ತಿಂಗಳು ಕೊಡುತ್ತಿದ್ದ ಫ್ಲೂಫೆನಜೀನ್ ಇಂಜೆಕ್ಷನ್ನಿನ ಅಡ್ಡಪರಿಣಾಮ. ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಕೆಲಸವನ್ನು ತಡೆದು ಕಿವಿಯ ಮಾತುಗಳನ್ನು ನಿಲ್ಲಿಸುವ ಇಂಥ ಔಷಧಗಳು ಚಲನೆಯನ್ನು ನಿಯಂತ್ರಿಸುವ ಭಾಗದಲ್ಲಿಯೂ ಅದೇ ತಡೆಯನ್ನು ಉಂಟುಮಾಡುವುದರಿಂದ, ಪಾರ್ಕಿನ್ಸನ್ ಕಾಯಿಲೆಯವರಲ್ಲಿ ಕಾಣುವಂಥ ನಡುಕ ಮತ್ತು ಬಿಗಿತ ಕೆಲವರಲ್ಲಿ ಬರುತ್ತದೆ. ಇದನ್ನು ನಾನು ಓದಿ ಪರೀಕ್ಷೆ ಬರೆದವಳು. ಆರು ವರ್ಷ ಅವರ ತೋಳು ಹಿಡಿದ ನಾನು ಒಮ್ಮೆಯೂ ಬೆರಳು ಚಾಚಿ ತೋರಿಸಲು ಹೇಳಿರಲಿಲ್ಲ.

ವಿಷಯ ತಿಳಿದ ಡಾಕ್ಟರು ಪ್ರಮಾಣವನ್ನು ಎಚ್ಚರಿಕೆಯಿಂದ ಇಳಿಸಿ, ನಡುಕಕ್ಕೆ ಒಂದು ಮಾತ್ರೆ ಸೇರಿಸಿ, ಮುಂದಿನ ಎರಡು ತಿಂಗಳು ಹದಿನೈದು ದಿನಕ್ಕೊಮ್ಮೆ ನೋಡಿದರು. ನಡುಕ ಪೂರ್ತಿ ಹೋಗದಿದ್ದರೂ ಲೋಟ ಹಿಡಿಯುವಷ್ಟು ಇಳಿಯಿತು.

ಆಮೇಲೆ ನಾನು ಅವರ ಮನೆಗೂ ಹೋದೆ. ಅಂಗಳದ ತುಂಬ ಚಾಲಿ ಅಡಿಕೆ ಒಣಗುತ್ತಿತ್ತು, ಇವರು ಜಗಲಿಯಲ್ಲಿ ಕುಳಿತಿದ್ದರು. ‘ಹತ್ತು ಗಂಟೆವರೆಗೆ ಏಳುವುದಿಲ್ಲ, ಎದ್ದರೂ ಹೀಗೇ ಕೂರುವುದು, ಉದಾಸೀನ’ ಎಂದು ಅಣ್ಣ ಅವರ ಎದುರಿಗೇ ಹೇಳಿದರು. ಅಣ್ಣನನ್ನು ನಾನು ದೂರುವುದಿಲ್ಲ. ಹದಿನೆಂಟು ವರ್ಷ ತಮ್ಮನ ಕೈಬಿಡದೆ ಬಸ್ಸು ಹತ್ತಿಸಿಕೊಂಡು ಬಂದವರು ಅವರು. ಆದರೆ ರಾತ್ರಿಯ ಮಾತ್ರೆಯ ಮಂಪರು ಬೆಳಗ್ಗಿನವರೆಗೆ ಉಳಿಯುತ್ತದೆ ಎಂಬುದನ್ನೂ, ಹುಮ್ಮಸ್ಸು ಬತ್ತುವುದು, ಮಾತು ಕಡಿಮೆಯಾಗುವುದು, ಮುಖದಲ್ಲಿ ಭಾವ ಕಾಣದಿರುವುದು ಸ್ಕಿಜೋಫ್ರೇನಿಯಾದ್ದೇ ಲಕ್ಷಣಗಳು, ಇವುಗಳ ಮೇಲೆ ಔಷಧದ ಪರಿಣಾಮ ಬಹಳ ಕಡಿಮೆ ಎಂಬುದನ್ನೂ ಆ ಮನೆಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಮನೆಯೊಳಗಿನ ಸತತ ಟೀಕೆಗೂ ಕಾಯಿಲೆ ಮರುಕಳಿಸುವುದಕ್ಕೂ ನಂಟಿದೆ ಎಂಬುದನ್ನು ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು 1972ರಷ್ಟು ಹಿಂದೆಯೇ ತೋರಿಸಿದ್ದರು. ಅಣ್ಣನಿಗೆ ನಾನು ಹೇಳಿದ್ದು ಇಷ್ಟೆ: ಕಾಲಿಗೆ ಏಟಾದವರನ್ನು ಯಾಕೆ ಓಡುವುದಿಲ್ಲ ಎಂದು ನೀವು ಬೈಯುವುದಿಲ್ಲ.

ಕೆಲಸದ ಮಾತು ಬಂದಾಗ ಇನ್ನೊಂದು ಸಂಗತಿ ಹೊರಬಿತ್ತು. ಅಡಿಕೆ ಸುಲಿಯುವುದರಲ್ಲಿ ಇವರು ಒಂದು ಕಾಲಕ್ಕೆ ಕೈ ಪಳಗಿದವರಂತೆ. ಕಾಯಿಲೆ ಬಂದ ಮೇಲೆ ಮನೆಯಲ್ಲಿ ಇವರ ಕೈಗೆ ಕತ್ತಿ ಸಿಗದಂತೆ ಎತ್ತಿಡುತ್ತಿದ್ದರು. ಇವರು ಯಾರ ಮೇಲೂ ಕೈ ಎತ್ತಿದವರಲ್ಲ. ಹುಚ್ಚು ಎಂಬರ್ಥದ ‘ಮರ್ಲ್’ ಎಂಬ ತುಳು ಪದದ ಜೊತೆಗೆ ಊರಿನವರ ಮನಸ್ಸಿನಲ್ಲಿ ಕತ್ತಿ ಹಿಡಿದವನ ಚಿತ್ರವೂ ಬರುತ್ತದೆ. ಈ ಕಾಯಿಲೆಯ ಬಹುಪಾಲು ಜನ ಹಿಂಸೆಗೆ ಇಳಿಯುವವರಲ್ಲ, ಇತರರಿಂದ ಪೆಟ್ಟು ತಿನ್ನುವ ಸಂಭವವೇ ಅವರಿಗೆ ಹೆಚ್ಚು. ಸುಲಿಯಲು ಬಿಡಿ ಎಂದು ನಾನು ಒತ್ತಾಯಿಸಲಿಲ್ಲ, ನಡುಗುವ ಕೈಗೆ ಅದು ತಕ್ಕ ಕೆಲಸವೂ ಆಗಿರಲಿಲ್ಲ. ಮಧ್ಯಾಹ್ನದ ಹೊತ್ತು ಅಡಿಕೆ ಹರವಿ ಮಗುಚುವುದು, ಮೋಡ ಕಂಡರೆ ರಾಶಿ ಮಾಡಿ ಟಾರ್ಪಾಲು ಹೊದೆಸುವುದು ಅವರ ಪಾಲಿಗೆ ಬಂತು. ಅದಕ್ಕೆ ಕೂಲಿಯೆಂದು ವಾರಕ್ಕೆ ಸ್ವಲ್ಪ ಹಣ ಅವರ ಕೈಗೇ ಕೊಡಬೇಕೆಂದು ಹೇಳಿದಾಗ ಮನೆಯಲ್ಲಿ ಎಲ್ಲರೂ ನಕ್ಕರು. ಕೊನೆಗೆ ಅತ್ತಿಗೆಯೇ ಕೊಡಲು ಶುರು ಮಾಡಿದರು.

ಅಂಗವಿಕಲತೆಯ ಪ್ರಮಾಣಪತ್ರದ ವಿಷಯದಲ್ಲಿ ನಾನು ಸೋತೆ. 2016ರ ಕಾಯಿದೆ ಪಟ್ಟಿ ಮಾಡಿದ 21 ವಿಧಗಳಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ, ಅಂಗವಿಕಲತೆ 40 ಶೇಕಡಾ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೌಲಭ್ಯಗಳೂ ಸಿಗುತ್ತವೆ. ಆದರೆ ಅಣ್ಣನ ಮಗಳಿಗೆ ಸಂಬಂಧ ನೋಡುತ್ತಿದ್ದ ಮನೆಯವರಿಗೆ ಅಂಥ ಕಾಗದವೇ ಬೇಡವಾಗಿತ್ತು.

ಈಗ ಕ್ಲಿನಿಕ್ಕಿನಲ್ಲಿ ನಾನು ಎಲ್ಲರ ಹತ್ತಿರವೂ ನಿನ್ನೆಯ ದಿನದ ಬಗ್ಗೆ ಕೇಳುತ್ತೇನೆ, ಜೊತೆಗೆ ಬಂದವರನ್ನು ಐದು ನಿಮಿಷ ಹೊರಗೆ ಕೂರಿಸುತ್ತೇನೆ, ಎರಡೂ ಕೈ ಚಾಚಲು ಹೇಳುತ್ತೇನೆ. ಸಾಲು ಉದ್ದವಾಗುತ್ತದೆ, ಬಸ್ಸು ತಪ್ಪಿದವರು ನನ್ನನ್ನು ಬೈಯುತ್ತಾರೆ. ಇವರು ಕಳೆದ ತಿಂಗಳು ಮೊದಲ ಬಾರಿಗೆ ಒಬ್ಬರೇ ಬಂದರು. ತೂಕ ಎರಡು ಕಿಲೋ ಏರಿದ್ದರಿಂದ, ಮುಂದಿನ ಸಲ ಶುಗರ್ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದೆ. ‘ಹಾಗಾದ್ರೆ ಮೊದಲ ಬಸ್ಸಿಗೇ ಬರ್ಬೇಕು, ಅದಕ್ಕೆ ನಂಗೆ ಎಚ್ಚರ ಆಗುದಿಲ್ಲ’ ಎಂದರು. ರಾತ್ರಿಯ ಮಾತ್ರೆಯನ್ನು ಸ್ವಲ್ಪ ಬೇಗ ತೆಗೆದುಕೊಳ್ಳಬಹುದೇ ಎಂದು ಡಾಕ್ಟರಲ್ಲಿ ಕೇಳಬೇಕೆಂದು ರಿಜಿಸ್ಟರಿನ ಅಂಚಿನಲ್ಲಿ ಬರೆದುಕೊಂಡಿದ್ದೇನೆ.