ಮಳೆಗಾಲದ ಭಾನುವಾರ, ಮರಳಿನಡಿಯ ಬೀಕನ್

ಮಂಗಳೂರು, 27 ಜುಲೈ 2025, ಭಾನುವಾರ

ಐದೂವರೆಗೆ ಎಚ್ಚರವಾಯಿತು. ರಾತ್ರಿಯಿಡೀ ಹೊಡೆದ ಪುಷ್ಯ ಮಳೆ ಆಗಷ್ಟೇ ಬಿಟ್ಟಿತ್ತು. ಹಂಚಿನ ಅಂಚಿಂದ ನೀರು ತೊಟ್ಟಿಕ್ಕುತ್ತಿತ್ತು. ಮುಖವನ್ನೂ ತೊಳೆಯದೆ ಅಟ್ಟ ಹತ್ತಿದೆ. ಆಟಿ ತಿಂಗಳು ಬಂತೆಂದರೆ ನನಗೆ ಅಟ್ಟದ ಮೇಲಿನ ಎರಡು ಜೊತೆ ಸ್ಕೀಗಳದ್ದೇ ಚಿಂತೆ. ಒಂದು ಜೊತೆ ನನ್ನದು, ಇನ್ನೊಂದು ನಾವು ಟೀಚರ್ ಎಂದೇ ಕರೆಯುವ ಗೆಳತಿಯದು. ಮಾರ್ಚ್‌ನಲ್ಲಿ ಕಾಶ್ಮೀರದ ಗುಲ್ಮಾರ್ಗ್‌ನಿಂದ ವಾಪಸ್ ಬಂದಾಗ "ಇದು ನಿನ್ನ ಮನೆಯಲ್ಲೇ ಇರಲಿ" ಎಂದು ಇಟ್ಟು ಹೋದವಳು ಮತ್ತೆ ಅದರ ಮಾತೇ ಎತ್ತಿರಲಿಲ್ಲ.

ಸ್ಕೀಯ ಎರಡೂ ಅಂಚಿಗೆ ಉಕ್ಕಿನ ತೆಳು ಪಟ್ಟಿ ಇರುತ್ತದೆ. ಗಟ್ಟಿ ಹಿಮದಲ್ಲಿ ತಿರುಗುವಾಗ ಹಿಡಿತ ಕೊಡುವುದು ಅದೇ. ನಮ್ಮ ಊರಿನ ಗಾಳಿಯಲ್ಲಿ ನೀರೂ ಉಂಟು, ಉಪ್ಪೂ ಉಂಟು. ಮೊದಲ ವರ್ಷ ಸುಮ್ನೆ ಚೀಲಕ್ಕೆ ಹಾಕಿ ಇಟ್ಟಿದ್ದೆ. ಚೌತಿ ಹೊತ್ತಿಗೆ ತೆಗೆದು ನೋಡಿದರೆ ಅಂಚು ಪೂರಾ ತುಕ್ಕು, ಚೀಲದ ಮೇಲೆಲ್ಲ ಬೂಷ್ಟು. ಈಗ ಮೇ ತಿಂಗಳಲ್ಲೇ ಹಳೆಯ ಇಸ್ತ್ರಿಪೆಟ್ಟಿಗೆಯಲ್ಲಿ ವ್ಯಾಕ್ಸ್ ಕರಗಿಸಿ ತಳಕ್ಕೂ ಅಂಚಿಗೂ ದಪ್ಪಗೆ ಬಳಿದಿಡುತ್ತೇನೆ. ಅದನ್ನು ಕೆರೆದು ತೆಗೆಯುವುದು ಡಿಸೆಂಬರ್‌ನಲ್ಲೇ. ಬೂಟಿನೊಳಗೆ ಪೇಪರ್ ತುರುಕಿ, ಬಕಲ್‌ಗಳನ್ನು ಸಡಿಲವಾಗಿ ಹಾಕಿಡಬೇಕು, ಇಲ್ಲದಿದ್ದರೆ ಬೂಟು ಆಕಾರ ಬಿಡುತ್ತದೆ. ಬೀಕನ್ ಎಂದರೆ ಹಿಮದಡಿ ಹೂತವರನ್ನು ಹುಡುಕಲು ಮೈಮೇಲೆ ಕಟ್ಟಿಕೊಳ್ಳುವ ರೇಡಿಯೊ ಸಾಧನ. ಅದರ ಬ್ಯಾಟರಿ ತೆಗೆದಿಡಬೇಕು. ಇಲ್ಲಿನ ತೇವಕ್ಕೆ ಬ್ಯಾಟರಿ ಸೋರಿದರೆ ಜೀವ ಉಳಿಸುವ ಸಾಮಾನು ಡಬ್ಬಿಯಾಗಿಬಿಡುತ್ತದೆ.

ಟೀಚರ್‌ದಕ್ಕೂ ಮೇಯಲ್ಲಿ ನಾನೇ ವ್ಯಾಕ್ಸ್ ಹಾಕಿದ್ದೆ. ಇವತ್ತು ಬೆರಳಾಡಿಸಿ ನೋಡಿದೆ. ಎರಡೂ ಜೊತೆ ಚೆನ್ನಾಗಿವೆ.

"ಎಂಥದು ಮಾರಾಯ್ತಿ, ಬೆಳಿಗ್ಗೆ ಬೆಳಿಗ್ಗೆ ಅಟ್ಟದಲ್ಲಿ? ಪತ್ರೊಡೆ ಬಿಸಿ ಉಂಟು, ತಿಂದು ಹೋಗು" ಎಂದು ಅಮ್ಮ ಕೆಳಗಿನಿಂದ ಕರೆದರು. ತಿಂದೆ. ನಾಲ್ಕು ಜನರಿಗೆ ಆಗುವಷ್ಟು ಬಾಳೆ ಎಲೆಯಲ್ಲಿ ಕಟ್ಟಿಯೂ ಕೊಟ್ಟರು. ನಾವು ಹೋಗುವುದು ಮೂರೇ ಜನ ಅಂತ ಹೇಳಿದೆ. "ಇರಲಿ" ಅಂದರು.

ಏಳಕ್ಕೆ ಕೂಳೂರು ದಾಟಿ ತಣ್ಣೀರುಬಾವಿ ತಲುಪಿದೆ. ಗಾಳಿಮರಗಳ ಹತ್ತಿರ ಮರಳು ಸ್ವಲ್ಪ ದಿಬ್ಬವಾಗಿ ಏರಿದೆ. ಹಿಮದಲ್ಲಿ ಹೂತವರನ್ನು ಹುಡುಕುವ ನಮ್ಮ ಪ್ರಾಕ್ಟೀಸ್ ಅಲ್ಲೇ. ಸಮುದ್ರ ಕಂದು ಬಣ್ಣಕ್ಕೆ ತಿರುಗಿ ಕುದಿಯುತ್ತಿತ್ತು. ಈ ತಿಂಗಳಲ್ಲಿ ನೀರಿನ ಹತ್ತಿರ ಹೋಗಲೇಬಾರದು. ಅಣ್ಣ ಆಗಲೇ ಬಂದಿದ್ದ. ನಮಗೆಲ್ಲ ಅವನು ಅಣ್ಣನೇ. ಬೋಟಿನ ಎಂಜಿನ್ ರಿಪೇರಿ ಅವನ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಹಾಗಾಗಿ ಎಲ್ಲ ಬೋಟುಗಳ ರಿಪೇರಿಯೂ ಈ ಎರಡು ತಿಂಗಳಲ್ಲೇ ಮುಗಿಯಬೇಕು. ರಾತ್ರಿ ಎರಡರವರೆಗೆ ಬಂದರಿನ ಧಕ್ಕೆಯಲ್ಲಿದ್ದನಂತೆ. ಕೈಯಲ್ಲಿ ಇನ್ನೂ ಗ್ರೀಸ್ ಇತ್ತು. ಆದರೂ ಬಂದಿದ್ದ. ಫಿಸಿಯೋ ಕೆಲಸ ಮಾಡುವ ನಮ್ಮ ಡಾಕ್ಟ್ರು ಸಲಿಕೆ, ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು ಪ್ರೋಬ್, ಎಲ್ಲ ಕಾರಿನಿಂದ ಇಳಿಸುತ್ತಿದ್ದರು.

ಅವರ ಹಿಂದೆ, ಕೊಡೆ ಹಿಡಿದುಕೊಂಡು, ಟೀಚರ್ ನಿಂತಿದ್ದಳು.

ಮಾರ್ಚ್ ನಂತರ ಅವಳು ಒಂದು ಭಾನುವಾರವೂ ಬಂದಿರಲಿಲ್ಲ. ಯಾಕೆ ಅಂತ ಇಲ್ಲಿ ನಾನು ಬರೆದಿರಲಿಲ್ಲ. ನಿನ್ನೆ ಫೋನಿನಲ್ಲಿ "ನೀನು ಬರೆ" ಅಂದಳು. ಬರೆಯುತ್ತೇನೆ.

ಈ ವರ್ಷ ಗುಲ್ಮಾರ್ಗ್‌ನಲ್ಲಿ ಚಳಿ ಇತ್ತು, ಹಿಮ ತೀರಾ ಕಡಿಮೆ. ಫೆಬ್ರವರಿಯಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನೇ ಮಾರ್ಚ್ 9ಕ್ಕೆ ಮುಂದೂಡಬೇಕಾಯಿತು. ಹಿಮ ಬಿದ್ದದ್ದು ಫೆಬ್ರವರಿಯ ಕೊನೆಯ ವಾರ, ಬಿದ್ದಾಗ ರಾಶಿ ರಾಶಿ ಬಿತ್ತು. ಅದೇ ವಾರ, 28ರಂದು, ಉತ್ತರಾಖಂಡದ ಮಾಣಾ ಬಳಿ ಹಿಮಕುಸಿತವಾಗಿ 8 ಕಾರ್ಮಿಕರು ತೀರಿಹೋದರು. ನಾವು ಮಾರ್ಚ್ ಮೊದಲ ವಾರ ಹೋದೆವು.

ಬಹಳ ದಿನ ಚಳಿ ಇದ್ದು ಹೊಸ ಹಿಮ ಬೀಳದಿದ್ದರೆ, ನೆಲದ ಮೇಲಿನ ತೆಳು ಹಿಮ ಒಳಗೊಳಗೇ ಬದಲಾಗುತ್ತದೆ. ಕಾಳುಗಳು ಒಂದಕ್ಕೊಂದು ಅಂಟುವುದನ್ನು ಬಿಟ್ಟು ರವೆಯ ಹಾಗೆ ಆಗುತ್ತವೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುವುದಿಲ್ಲ. ಅದರ ಮೇಲೆ ಹೊಸ ಹಿಮ ಬಿದ್ದು, ಗಾಳಿಗೆ ಒತ್ತಿ ಹಲಗೆಯಾದರೆ, ಆ ಹಲಗೆ ರವೆಯ ಮೇಲೆ ನಿಂತ ಹಾಗೆ. 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ ಒಬ್ಬರ ತೂಕ ಸಾಕು, ಇಡೀ ಹಲಗೆ ಜಾರುತ್ತದೆ. ನಮ್ಮ ಕಡೆಯವರಿಗೆ ಇದು ಅರ್ಥವಾಗದ ವಿಷಯವಲ್ಲ. ಮಳೆಗಾಲದಲ್ಲಿ ಗುಡ್ಡ ಜರಿಯುವುದನ್ನು ಚಾರ್ಮಾಡಿಯಲ್ಲಿ, ಶಿರಾಡಿಯಲ್ಲಿ ಎಷ್ಟು ಸಲ ನೋಡಿಲ್ಲ? ಕಷ್ಟದ ಸಂಗತಿ ಎಂದರೆ, ಸ್ಕೀ ಮಾಡುವುದಕ್ಕೆ ಎಲ್ಲಕ್ಕಿಂತ ಚಂದದ ಇಳಿಜಾರೂ ಅದೇ 30ರಿಂದ 45 ಡಿಗ್ರಿಯದ್ದು.

ಗುಲ್ಮಾರ್ಗ್‌ನ ರೋಪ್‌ವೇ ಗೊಂಡೋಲದ ಎರಡನೇ ಹಂತ ನಿಮ್ಮನ್ನು ಅಫರ್ವತ್ ಬೆಟ್ಟದ ಮೇಲೆ, 3,900 ಮೀಟರ್‌ಗಿಂತ ಎತ್ತರಕ್ಕೆ ಬಿಡುತ್ತದೆ. ಅಲ್ಲಿ ಸ್ಕೀ ಗಸ್ತಿನ ತಂಡ ನೋಡಿಕೊಳ್ಳುವುದು ನಡುವಿನ ದೊಡ್ಡ ಬೋಗುಣಿಯಂಥ ಜಾಗವನ್ನು. ಆಚೀಚೆ ದಾಟಿದರೆ ಬ್ಯಾಕ್‌ಕಂಟ್ರಿ, ಅಲ್ಲಿನ ಜವಾಬ್ದಾರಿ ನಮ್ಮದು. ಆ ದಿನ ನಾವು ಆಚೆ ಹೋದೆವು. ತಂಗ್‌ಮಾರ್ಗ್‌ನ ನಮ್ಮ ಗೈಡ್ ಮುಂದೆ ಇದ್ದರು. ಹಿಮ ಅಗೆದು ನೋಡಿ, ಕಡಿದಾದ ಜಾಗ ಬಿಟ್ಟು ಮೆತ್ತಗಿನ ಏಣಿನ ಮೇಲೆ ದಾರಿ ತೋರಿಸಿದರು. ಒಬ್ಬೊಬ್ಬರೇ ಇಳಿಯಬೇಕು, ಉಳಿದವರು ನೋಡುತ್ತಿರಬೇಕು.

ಟೀಚರ್ ಎರಡನೆಯವಳು. ಏನು ಚಂದ ಇಳಿಯುತ್ತಾಳೆ ಅವಳು! ಮೊಣಕಾಲಿನವರೆಗಿನ ಪುಡಿ ಹಿಮದಲ್ಲಿ ಐದಾರು ತಿರುವು, ಪ್ರತಿ ತಿರುವಿಗೂ ಹಿಂದೆ ಬಿಳಿ ಧೂಳು. ಆರನೆಯ ತಿರುವಿನಲ್ಲಿ ಗೆರೆಯಿಂದ ಒಂದು ಹತ್ತಡಿ ಎಡಕ್ಕೆ ಹೋದಳು. ದಪ್ಪ ಹಾಸಿಗೆಯ ಮೇಲೆ ಯಾರೋ ಧೊಪ್ಪನೆ ಕೂತ ಹಾಗೆ ಒಂದು ಸದ್ದು. ಅವಳ ಮೇಲ್ಗಡೆ ಹಿಮದಲ್ಲಿ ಒಂದು ಬಿರುಕು ಓಡಿತು.

ಸಣ್ಣ ಕುಸಿತ. ಒಂದು ಮೂವತ್ತು ಮೀಟರ್ ಎಳೆದುಕೊಂಡು ಹೋಗಿ ನಿಂತಿತು. ಎದೆಯವರೆಗೆ ಹೂತಿದ್ದಳು, ತಲೆ ಮತ್ತು ಒಂದು ಕೈ ಹೊರಗಿತ್ತು. ಆದರೆ ನಾನು ನಿಂತಲ್ಲಿಂದ ಅದು ಕಾಣಲಿಲ್ಲ. ಅಡ್ಡ ಒಂದು ಉಬ್ಬು ಇತ್ತು. ನನಗೆ ಕಂಡದ್ದು ಖಾಲಿ ಹಿಮ.

ನಾನು ಮಾಡಿದ ತಪ್ಪು ಇದು. ನಮ್ಮೆಲ್ಲರ ಬೀಕನ್ ಸಿಗ್ನಲ್ ಕಳಿಸುತ್ತಿರುತ್ತದೆ. ಯಾರಾದರೂ ಹೂತುಹೋದರೆ ಉಳಿದವರು ಕೂಡಲೇ ತಮ್ಮದನ್ನು ಹುಡುಕುವ ಮೋಡ್‌ಗೆ ಹಾಕಬೇಕು. ನಾನು ಹಾಕಲಿಲ್ಲ. ಬೀಕನ್ ಕೈಯಲ್ಲಿ ಹಿಡಿದು ಓಡಿದೆ, ಸ್ಕ್ರೀನ್ ನೋಡಿದೆ, ಯಾಕೆ ದೂರದ ಅಂಕಿ ಬರುತ್ತಿಲ್ಲ ಎಂದು ಅತ್ತೆ. ನಾನು ಹುಡುಕುತ್ತಲೇ ಇರಲಿಲ್ಲ. ಹಿಂದಿನಿಂದ ಅಣ್ಣ ಕೂಗುವವರೆಗೆ ಹಾಗೇ ಓಡಿದೆ. ಅಷ್ಟರಲ್ಲಿ ಗೈಡ್ ಕೆಳಗಿನಿಂದ ಅವಳನ್ನು ನೋಡಿ ಕೈ ಬೀಸುತ್ತಿದ್ದರು.

ಪೂರ್ತಿ ಹೂತವರನ್ನು ಮೊದಲ 10 ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಜನ ಬದುಕುತ್ತಾರೆ. ಅರ್ಧ ಗಂಟೆಯಾದರೆ ಮೂವರಲ್ಲಿ ಒಬ್ಬರು. ಆ ಬೆಟ್ಟದಲ್ಲಿ ಯಾವ ಆ್ಯಂಬುಲೆನ್ಸೂ 10 ನಿಮಿಷದಲ್ಲಿ ಬರುವುದಿಲ್ಲ. ಪಕ್ಕದಲ್ಲಿ ಇರುವವರೇ ಬರಬೇಕು. ಅಂದರೆ ನಾನು.

ಆ ಸಂಜೆ ಹೋಟೆಲಿನಲ್ಲಿ ನೂನ್ ಚಾಯ್ ಕುಡಿಯುತ್ತಾ ಟೀಚರ್ ಒಂದೇ ಮಾತು ಹೇಳಿದಳು: "ನನಗೆ ನಿಮ್ಮ ಸದ್ದೇ ಕೇಳಲಿಲ್ಲ." ನಾನು ನನ್ನ ತಪ್ಪು ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸುಲಭವಿತ್ತು.

ಅದಕ್ಕೇ ಈ ಮರಳು. ಏಪ್ರಿಲ್‌ನಿಂದ ಸಾಧ್ಯವಾದ ಎಲ್ಲ ಭಾನುವಾರ ಇಲ್ಲಿದ್ದೇವೆ. ಒಬ್ಬರು ಬೀಕನ್ ಹೂಳುತ್ತಾರೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಡಬ್ಬಿಯನ್ನು ಗೋಣಿಚೀಲದಲ್ಲಿ ಸುತ್ತಿ, ಒಂದು ಮೀಟರ್ ಆಳಕ್ಕೆ. ಸ್ಟೀಲ್ ಡಬ್ಬಿ ಆಗುವುದಿಲ್ಲ, ಲೋಹ ಸಿಗ್ನಲನ್ನು ಕೆಡಿಸುತ್ತದೆ. ಫೋನನ್ನೂ ದೂರ ಇಡಬೇಕು. ಹುಡುಕುವವರು ಬೆನ್ನು ಹಾಕಿ ನಿಂತಿರುತ್ತಾರೆ. ಕೂಗಿದ ಕೂಡಲೇ ಶುರು. ಮೊದಲು ಮೋಡ್ ಬದಲಿಸಿ, ಬದಲಿಸಿದೆ ಅಂತ ಗಟ್ಟಿಯಾಗಿ ಹೇಳಬೇಕು. ಈ ನಿಯಮ ನಾನೇ ಮಾಡಿದ್ದು. ಬಾಣ ತೋರಿಸಿದತ್ತ ಓಡು, ಅಂಕಿ 3ಕ್ಕೆ ಇಳಿದಾಗ ಬಗ್ಗು, ಬೀಕನ್ ನೆಲಕ್ಕೆ ತಾಗುವ ಹಾಗೆ ಹಿಡಿದು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ. ಎಲ್ಲಕ್ಕಿಂತ ಸಣ್ಣ ಅಂಕಿ ಬಂದಲ್ಲಿ ಪ್ರೋಬ್ ಚುಚ್ಚು. ಸಿಗದಿದ್ದರೆ ಒಂದು ಗೇಣು ಪಕ್ಕಕ್ಕೆ, ಸುತ್ತುತ್ತಾ ಹೋಗು. ತಾಗಿದ ಪ್ರೋಬನ್ನು ಮತ್ತೆ ಕೀಳಬಾರದು.

ಅಗೆಯುವುದೇ ಎಲ್ಲಕ್ಕಿಂತ ಕಷ್ಟ, ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯುವುದೂ ಅದೇ. ಜಾರಿ ನಿಂತ ಹಿಮ ಪುಡಿಯಾಗಿರುವುದಿಲ್ಲ, ಬಡಿದು ಕೂರಿಸಿದ ಹಾಗೆ ಗಟ್ಟಿಯಾಗಿರುತ್ತದೆ. ಮಳೆಗೆ ನೆನೆದ ತಣ್ಣೀರುಬಾವಿಯ ಮರಳೂ ಹೆಚ್ಚುಕಡಿಮೆ ಹಾಗೇ. ಪ್ರೋಬಿನ ಮೇಲಿನಿಂದ ಅಗೆಯಬಾರದು, ಇಳಿಜಾರಿನ ಕೆಳಗಡೆಯಿಂದ ಅಡ್ಡಲಾಗಿ ನುಗ್ಗಬೇಕು. ಮುಂದಿನವರು ಕಡಿದದ್ದನ್ನು ಹಿಂದಿನವರು ತಳ್ಳಬೇಕು. ಸುಸ್ತಾಗುವ ಮೊದಲೇ ಜಾಗ ಬದಲಿಸಬೇಕು.

ಇವತ್ತು ನನ್ನ ಮೊದಲ ಸುತ್ತು 7 ನಿಮಿಷ 20 ಸೆಕೆಂಡ್. ಮರಳು ಕುಸಿದು ಗುಂಡಿ ಮುಚ್ಚುತ್ತಿತ್ತು. ಎರಡನೆಯದು 6 ನಿಮಿಷಕ್ಕೆ ಬಂತು. ಟೀಚರ್ ಕೊಡೆಯ ಕೆಳಗೆ ನಿಂತು ನೋಡುತ್ತಿದ್ದಳು. ಆಮೇಲೆ ಕೊಡೆ ಮಡಚಿದಳು. ಡಾಕ್ಟ್ರ ಕೈಯಿಂದ ಡಬ್ಬಿ ತೆಗೆದುಕೊಂಡು, "ನೀನು ಆಚೆ ತಿರುಗು. ನಾನು ಹೂಳ್ತೇನೆ" ಅಂದಳು.

ಬಹಳ ಹೊತ್ತು ಹೂತಳು. ಸಲಿಕೆಯ ಸದ್ದು ಮಾತ್ರ ಕೇಳುತ್ತಿತ್ತು. ಮಳೆ ಮತ್ತೆ ಹನಿಯತೊಡಗಿತು. "ಹುಡುಕು" ಎಂದು ಕೂಗಿದಳು.

"ಸರ್ಚ್" ಎಂದು ಕಿರುಚಿ ಓಡಿದೆ. ಅಂಕಿ 38. 24. 11. ಬಗ್ಗಿದೆ. ಪ್ರೋಬ್ ನಾಲ್ಕನೇ ಸಲಕ್ಕೆ ಗೋಣಿಗೆ ತಾಗಿತು. ಆ ಮೆತ್ತನೆಯ ತಡೆ ಕೈಗೆ ಕೂಡಲೇ ಗೊತ್ತಾಗುತ್ತದೆ. ಅಗೆಯುವಾಗ ಪಕ್ಕದಲ್ಲಿ ಇನ್ನೊಂದು ಸಲಿಕೆ ಬಂತು. ಅದು ಟೀಚರ್‌ದು. ಇಬ್ಬರೂ ಮಾತಾಡಲಿಲ್ಲ. ಡಬ್ಬಿ ಹೊರಬಂದಾಗ 4 ನಿಮಿಷ 50 ಸೆಕೆಂಡ್.

"ಇನ್ನೊಂದು ಸಲ" ಅಂದಳು.

ಪತ್ರೊಡೆ ನಾಲ್ಕು ಜನರಿಗೂ ಸರಿಯಾಯಿತು. ತಿನ್ನುವಾಗ ಗೈಡ್‌ಗೆ ಫೋನ್ ಮಾಡಿದೆವು. ಪಹಲ್ಗಾಮ್ ದಾಳಿಯ ನಂತರ ಪ್ರವಾಸಿಗರು ತುಂಬಾ ಕಡಿಮೆ ಎಂದರು. ಅವರ ದನಿ ಕೇಳಿ ಸಂಕಟವಾಯಿತು. ಚಳಿಗಾಲಕ್ಕೆ ಬಂದೇ ಬರುತ್ತೇವೆ ಎಂದು ಅಣ್ಣ ಹೇಳಿದ. ನಾವು ಮಳೆಯನ್ನು ಪುನರ್ವಸು, ಪುಷ್ಯ, ಆಶ್ಲೇಷ ಎಂದು ಲೆಕ್ಕ ಹಾಕುವ ಹಾಗೆ ಅವರು ಚಳಿಯನ್ನು ಲೆಕ್ಕ ಹಾಕುತ್ತಾರೆ. ಡಿಸೆಂಬರ್ 21ಕ್ಕೆ ಶುರುವಾಗುವ 40 ದಿನ ಚಿಲ್ಲೈ ಕಲಾನ್, ಆಮೇಲೆ 20 ದಿನ ಚಿಲ್ಲೈ ಖುರ್ದ್, ಕೊನೆಯ 10 ದಿನ ಚಿಲ್ಲೈ ಬಚ್ಚಾ. ಟೀಚರ್ ಫೋನ್ ತೆಗೆದುಕೊಂಡು, ಈ ಸಲ ಖುರ್ದ್ ಹೊತ್ತಿಗೆ ಬಂದರೆ ಹಿಮ ಹೇಗಿರಬಹುದು ಎಂದು ಕೇಳಿದಳು.

ಮುಂದಿನ ಭಾನುವಾರ ಅಣ್ಣ ಬರುವುದಿಲ್ಲ, ಬೋಟುಗಳು ಇಳಿದಿರುತ್ತವೆ. ವಾಪಸ್ ಬರುವಾಗ ಟೀಚರ್ ನಮ್ಮ ಮನೆಗೆ ಬಂದಳು. ಅಮ್ಮನ ಹತ್ತಿರ ಚಾ ಕುಡಿದಳು. ಆಮೇಲೆ ಅಟ್ಟ ಹತ್ತಿ ತನ್ನ ಸ್ಕೀಗಳನ್ನು ಕೆಳಗಿಳಿಸಿ, ಅಂಚಿಗೆ ಬೆರಳಾಡಿಸಿ ನೋಡಿ, ಪ್ಲಾಸ್ಟಿಕ್ ಸುತ್ತಿ ರಿಕ್ಷಾದಲ್ಲಿ ಅಡ್ಡ ಇಟ್ಟುಕೊಂಡು ಹೋದಳು.