ಮಾರುವವರ ರಸೀದಿ, ಕೊಳ್ಳುವವರ ತೆರಿಗೆ
ಕಾರವಾರ, ಶಿರಸಿ ಕಡೆಯ ಮನೆ-ನಿವೇಶನಗಳ ಮೌಲ್ಯಮಾಪನ ವರದಿಯನ್ನು ಗೃಹಸಾಲಕ್ಕಾಗಿ ಸಿದ್ಧಪಡಿಸುವುದು ನನ್ನ ಕೆಲಸ. ಸಾಲಕ್ಕೆ ಬಂದವರು ತಿಂಗಳ ಕಂತಿನ ಲೆಕ್ಕವನ್ನು ರೂಪಾಯಿ ಬಿಡದೆ ಹಾಕಿಕೊಂಡಿರುತ್ತಾರೆ. ಆಸ್ತಿ ತೆರಿಗೆ ಎಷ್ಟೆಂದು ಕೇಳಿದರೆ ಮಾತ್ರ ಮಾರುವವರು ಕೊಟ್ಟ ಹಿಂದಿನ ವರ್ಷದ ರಸೀದಿಯನ್ನು ಮುಂದಿಡುತ್ತಾರೆ. ಆ ರಸೀದಿಯಲ್ಲಿರುವುದು ನಗರಸಭೆಯ ದಾಖಲೆಯಲ್ಲಿರುವ ಮನೆಯ ತೆರಿಗೆಯೇ ಹೊರತು, ಕಣ್ಣೆದುರು ನಿಂತಿರುವ ಮನೆಯದ್ದೇ ಆಗಿರಬೇಕೆಂದಿಲ್ಲ.

ನಗರ ಸ್ಥಳೀಯ ಸಂಸ್ಥೆಗಳಲ್ಲಿ ತೆರಿಗೆ ನಡೆಯುವುದು ಮಾಲೀಕರ ಸ್ವಯಂ ಘೋಷಣೆಯ ಮೇಲೆ. ಕೋಡಿಬಾಗದ ಕಡೆ ನಾನು ನೋಡಿದ ಒಂದು ಮನೆ ದಾಖಲೆಯಲ್ಲಿ ಹೆಂಚಿನ ಒಂದಂತಸ್ತಿನದಾಗಿತ್ತು. ಸ್ಥಳದಲ್ಲಿ ಆರ್‌ಸಿಸಿ ತಾರಸಿಯೂ, ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಮಹಡಿಯೂ ಇದ್ದವು. ವಿಸ್ತೀರ್ಣ ಹೆಚ್ಚಿದ್ದಲ್ಲದೆ, ವಾಣಿಜ್ಯ ಬಳಕೆಗೆ ದರವೇ ಬೇರೆ. ಇ-ಖಾತೆಯಲ್ಲಿ, ಅಂದರೆ ಸ್ಥಳೀಯ ಸಂಸ್ಥೆಯ ಗಣಕೀಕೃತ ಆಸ್ತಿ ದಾಖಲೆಯಲ್ಲಿ, ವಿವರ ಸರಿಪಡಿಸಿದ ದಿನ ಈ ವ್ಯತ್ಯಾಸ ಹೊಸ ಮಾಲೀಕರ ಹೆಗಲೇರುತ್ತದೆ.

ಆದ್ದರಿಂದ ಲೆಕ್ಕವನ್ನು ಮೊದಲಿನಿಂದಲೇ ಹಾಕಬೇಕು. ಮಾರ್ಗಸೂಚಿ ದರದ (ನೋಂದಣಿಗೆಂದು ಸರ್ಕಾರ ನಿಗದಿಪಡಿಸುವ ಕನಿಷ್ಠ ಬೆಲೆ) ಪ್ರಕಾರ ನೆಲ ಮತ್ತು ಸವಕಳಿ (ಹಳೆಯದಾದಂತೆ ಇಳಿಯುವ ಮೌಲ್ಯ) ಕಳೆದ ಕಟ್ಟಡ ಸೇರಿ 40 ಲಕ್ಷ ರೂಪಾಯಿ ಆಗುತ್ತದೆ ಎನ್ನೋಣ. ಅದರ ಶೇ. 25, ಅಂದರೆ 10 ಲಕ್ಷ, ತೆರಿಗೆಗೆ ಒಳಪಡುವ ಮೌಲ್ಯ. ಸ್ಥಳೀಯ ಸಂಸ್ಥೆ ನಿಗದಿಪಡಿಸಿದ ದರ ಶೇ. 0.5 ಇದ್ದರೆ ತೆರಿಗೆ 5,000 ರೂಪಾಯಿ. ಅದರ ಮೇಲೆ ಆರೋಗ್ಯ ಕರ ಶೇ. 15, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3 ಸೇರಿದರೆ 6,200. ಘನತ್ಯಾಜ್ಯ ಶುಲ್ಕ ಪ್ರತ್ಯೇಕ. ಜನರು ಮರೆಯುವುದು ಹೆಚ್ಚಾಗಿ ಈ ಕರಗಳನ್ನೇ. ಸಾಲದ ಅವಧಿ ಇಪ್ಪತ್ತು ವರ್ಷವಾದ್ದರಿಂದ ತೆರಿಗೆ ವರ್ಷವರ್ಷವೂ ಏರುವುದನ್ನೂ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು.

ಶಿರಸಿಯ ಹೊರವಲಯದಲ್ಲಿ ಗ್ರಾಮ ಪಂಚಾಯಿತಿಯ ನಮೂನೆ 9 ಮತ್ತು 11ಎ ಎಂಬ ಆಸ್ತಿ ದಾಖಲೆಗಳಿರುವ ಆಸ್ತಿಗಳ ತೆರಿಗೆ ಸಾಮಾನ್ಯವಾಗಿ ಕಡಿಮೆ. ಊರು ಬೆಳೆದು ಆ ಜಾಗ ನಗರಸಭೆಯ ಗಡಿಯೊಳಗೆ ಬಂದರೆ ಅದು ಹಾಗೆಯೇ ಉಳಿಯುವುದಿಲ್ಲ. ಖಾಲಿ ನಿವೇಶನಕ್ಕೆ ತೆರಿಗೆಯೇ ಇಲ್ಲವೆಂದು ನಂಬಿದವರೂ ಇದ್ದಾರೆ. ನಗರ ವ್ಯಾಪ್ತಿಯಲ್ಲಿ ಅದಕ್ಕೂ ತೆರಿಗೆ ಇದೆ.

ಬಾಕಿಯ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಉಪನೋಂದಣಿ ಕಚೇರಿಯಿಂದ ಸಿಗುವ ಋಣಭಾರ ಪ್ರಮಾಣಪತ್ರದಲ್ಲಿ (ಇಸಿ) ನೋಂದಣಿಯಾದ ವ್ಯವಹಾರಗಳು ಕಾಣುತ್ತವೆಯೇ ವಿನಾ ತೆರಿಗೆ ಬಾಕಿ ಕಾಣುವುದಿಲ್ಲ. ತಡವಾದ ತೆರಿಗೆಗೆ ತಿಂಗಳಿಗೆ ಶೇ. 2ರಂತೆ ದಂಡ ಬೆಳೆಯುತ್ತ ಹೋಗುವುದರಿಂದ, ಒಂದೇ ರಸೀದಿಗೆ ತೃಪ್ತರಾಗದೆ ಹಿಂದಿನ ಕೆಲವು ವರ್ಷಗಳ ರಸೀದಿಗಳನ್ನೂ ಬಾಕಿ ಇಲ್ಲವೆಂಬ ಪತ್ರವನ್ನೂ ಮುಂಗಡ ಕೊಡುವ ಮೊದಲೇ ಕೇಳಿ ಪಡೆಯಿರಿ ಎಂದು ಬಂದವರಿಗೆಲ್ಲ ಹೇಳುತ್ತೇನೆ.